ಐದೂವರೆ ವರ್ಷದ ಅಗ್ಗದ ಫೋನು: ಬ್ಯಾಟರಿ ಹಾಕಿಸಲೋ, ಹೊಸದನ್ನೇ ಕೊಳ್ಳಲೋ?

ದಾಲ್ ಮಿಲ್ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. 2020ರ ಅಕ್ಟೋಬರಿನಲ್ಲಿ, ಕಾಲೇಜುಗಳೆಲ್ಲ ಮುಚ್ಚಿ ಪಾಠಗಳು ಫೋನಿನಲ್ಲೇ ನಡೆಯುತ್ತಿದ್ದಾಗ, ತಂಗಿಯ ಓದಿಗೆಂದು ಏಳೂವರೆ ಸಾವಿರ ರೂಪಾಯಿ ಕೊಟ್ಟು ತಂದ ಫೋನು ಅವಳ ಡಿಗ್ರಿ ಮುಗಿದ ಮೇಲೆ ನನ್ನ ಕೈಗೆ ಬಂತು, ಇವತ್ತಿಗೂ ನನ್ನ ಕೈಯಲ್ಲೇ ಇದೆ. 3 ಜಿಬಿ ರ್‍ಯಾಮ್, 32 ಜಿಬಿ ಸಂಗ್ರಹ, ಆಂಡ್ರಾಯ್ಡ್ 10, ಚಾರ್ಜಿಗೆ ಹಳೆಯ ಮಾದರಿಯ ಮೈಕ್ರೊ ಯುಎಸ್‌ಬಿ. ಕಂಪನಿಯ ಹೆಸರು ಇಲ್ಲಿ ಬೇಡ. ಕೊಟ್ಟ ಬೆಲೆಗೆ ಅದು ದುಡಿದದ್ದು ಸಾಕಷ್ಟಾಯಿತು ಎಂದೇ ನನ್ನ ಭಾವನೆ.

ಈಗಿನ ತೊಂದರೆಯನ್ನು ನಡೆದಂತೆಯೇ ಹೇಳುತ್ತೇನೆ. ಕಳೆದ ವಾರ ಗಂಜ್ ಹತ್ತಿರದ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿಂದು ಹಣ ಕೊಡಲು ಫೋನು ತೆಗೆದಾಗ ಬ್ಯಾಟರಿ ಶೇ 34 ಎಂದು ತೋರಿಸುತ್ತಿತ್ತು. ಬಿಸಿಲಿಗೆ ಪರದೆ ಕಾಣದ್ದರಿಂದ ಬೆಳಕನ್ನು ಪೂರ್ತಿ ಏರಿಸಿ ಕ್ಯೂಆರ್ ಕೋಡಿಗೆ ಕ್ಯಾಮೆರಾ ಹಿಡಿದೆ. ಚೌಕದ ಗೆರೆ ಕೋಡಿನ ಮೇಲೆ ಕೂಡುವಷ್ಟರಲ್ಲಿ ಪರದೆ ಕಪ್ಪಾಯಿತು. ಗುಂಡಿ ಒತ್ತಿ ಹಿಡಿದರೆ ಕಂಪನಿಯ ಗುರುತು ಬಂದಂತೆ ಮಾಡಿ ಮತ್ತೆ ಆರಿತು. ಹಿಂದೆ ಮೂರು ಮಂದಿ ಕಾಯುತ್ತ ನಿಂತಿದ್ದರು. "ಇರ್ಲಿ ತಗೋರಿ, ನಾಳಿ ಕೊಡ್ರಿ" ಎಂದು ಹೋಟೆಲಿನವರು ನಕ್ಕು ಕಳಿಸಿದರು. ಮಿಲ್ಲಿಗೆ ಬಂದು ಚಾರ್ಜರ್ ಚುಚ್ಚಿದ ಕೂಡಲೇ ಫೋನು ಎದ್ದು, ಏನೂ ನಡೆದೇ ಇಲ್ಲವೆಂಬಂತೆ ಶೇ 29 ತೋರಿಸಿತು. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ.

ಇದಲ್ಲದೆ ಸಂಗ್ರಹದಲ್ಲಿ ಒಂದು ಜಿಬಿಯಷ್ಟೂ ಜಾಗ ಉಳಿದಿಲ್ಲ. ದರದ ಪಟ್ಟಿ, ತೂಕದ ಚೀಟಿ, ಲಾರಿ ರಸೀದಿ ಎಂದು ದಿನವೂ ಬರುವ ಚಿತ್ರಗಳಿಂದ ವಾಟ್ಸಾಪ್ ಒಂದೇ 11 ಜಿಬಿ ನುಂಗಿ ಕೂತಿದೆ. ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವುದಕ್ಕೂ ಒಂದು ಗಳಿಗೆ ಕಾಯಬೇಕು. ಚಾರ್ಜರಿನ ತಂತಿ ಒಂದೇ ಕೋನದಲ್ಲಿ ಹಿಡಿದರೆ ಮಾತ್ರ ಕೂಡುತ್ತದೆ.

ಬ್ಯಾಟರಿ ಬದಲಿಸಲು 850 ರೂಪಾಯಿ ಹೇಳಿದ್ದಾರೆ. ಅಫಜಲಪುರದ ಕಡೆ ನಮ್ಮ ಹೊಲದ ತೊಗರಿ ಮಾರಿದ ಹಣದಲ್ಲಿ ಹನ್ನೆರಡು ಸಾವಿರದವರೆಗೆ ತೆಗೆದುಕೋ ಎಂದು ಅಪ್ಪ ಹೇಳಿದ್ದಾರೆ, ಆದರೆ ಜೂನಿಗೆ ಬೀಜ-ಗೊಬ್ಬರದ ಖರ್ಚೂ ಅದೇ ಹಣದಲ್ಲಿ ಆಗಬೇಕು. ಹೊಸದು ಬಂದರೆ ಹಳೆಯದನ್ನು ಅಪ್ಪ ಬೆಳೆ ಸಮೀಕ್ಷೆಗೆ ಇಟ್ಟುಕೊಳ್ಳುತ್ತಾರಂತೆ. ಹೀಗಿರುವಾಗ ಬ್ಯಾಟರಿಗೆ ಹಣ ಹಾಕುವುದು ಸರಿಯೇ, ಅಥವಾ ಅದು ಮುರುಕು ಗಾಡಿಗೆ ಹೊಸ ಗಾಲಿ ಹಾಕಿದಂತೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.


ರಿಪೇರಿ ಅಂಗಡಿ, ಸೂಪರ್ ಮಾರ್ಕೆಟ್

ನಾನು ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಆದ್ದರಿಂದ ರಿಪೇರಿಯ ಪರವಾಗಿಯೇ ಮಾತಾಡುತ್ತೇನೆಂದು ನೀವು ಅಂದುಕೊಂಡರೆ ತಪ್ಪಿಲ್ಲ. ಆದರೂ ಕಾರಣ ಹೇಳಿಯೇ ಮಾತಾಡುತ್ತೇನೆ.

ಮೊದಲು ಆ ಶೇ 34ರ ವಿಷಯ. ಫೋನು ಸುಳ್ಳು ಹೇಳಿಲ್ಲ, ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅಷ್ಟು ಶಕ್ತಿ ಇದ್ದೇ ಇತ್ತು. ಕೇಳಿದ ಕ್ಷಣಕ್ಕೆ ಅದನ್ನು ಕೊಡುವ ತಾಕತ್ತು ಮಾತ್ರ ಉಳಿದಿರಲಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿ ಹಳೆಯದಾದಂತೆ ಅದು ಹಿಡಿಯುವ ಪ್ರಮಾಣ ಇಳಿಯುತ್ತದೆ, ಜೊತೆಗೆ ಒಳಗಿನ ರೋಧ ಏರುತ್ತದೆ. ನಮ್ಮ ಕಡೆಯ ಗಡಸು ನೀರಿಗೆ ಪೈಪಿನೊಳಗೆ ಸುಣ್ಣ ಕಟ್ಟಿದ ಹಾಗೆ ಅದು: ಮೇಲಿನ ಟಾಕಿಯಲ್ಲಿ ನೀರಿದೆ, ಒಂದು ನಲ್ಲಿ ತಿರುವಿದರೆ ಬರುತ್ತದೆ, ಮೂರು ನಲ್ಲಿ ಒಟ್ಟಿಗೆ ತಿರುವಿದರೆ ಯಾವುದರಲ್ಲೂ ಬಾರದು. ನೀವು ಆ ಹೋಟೆಲಿನಲ್ಲಿ ಕ್ಯಾಮೆರಾ, ಪೂರ್ತಿ ಬೆಳಕಿನ ಪರದೆ, ಇಂಟರ್ನೆಟ್ ಎಂಬ ಮೂರು ನಲ್ಲಿಗಳನ್ನು ಒಂದೇ ಸಲ ತಿರುವಿದಿರಿ. ವೋಲ್ಟೇಜು ದಿಢೀರನೆ ಕುಸಿಯಿತು, ಫೋನು ಆರಿತು. ಚಾರ್ಜರ್ ಚುಚ್ಚಿದಾಗ ಹೊರಗಿನಿಂದ ಕರೆಂಟು ಸಿಕ್ಕಿದ್ದರಿಂದ ಎದ್ದಿತು. ಇದು ಫೋನಿನ ಮುಪ್ಪಲ್ಲ, ಬ್ಯಾಟರಿಯ ಮುಪ್ಪು. ನನ್ನ ಅಂಗಡಿಗೆ "ಫೋನು ಹೋಯಿತು, ಹೊಸದು ತೆಗೆದುಕೊಳ್ಳಬೇಕು" ಎಂದು ಬರುವವರಲ್ಲಿ ಬಹಳ ಮಂದಿಗೆ ಹೋಗಿರುವುದು ಇದೊಂದೇ.

ಇಂಥ ಬ್ಯಾಟರಿಗಳು ಸಾಮಾನ್ಯವಾಗಿ 500 ಪೂರ್ಣ ಚಾರ್ಜುಗಳ ಹೊತ್ತಿಗೆ ಮೊದಲಿನ ಸಾಮರ್ಥ್ಯದ ಶೇ 80ರ ಆಸುಪಾಸಿಗೆ ಬರುತ್ತವೆ. ಐದೂವರೆ ವರ್ಷದಲ್ಲಿ ದಿನ ಬಿಟ್ಟು ದಿನ ಚಾರ್ಜ್ ಮಾಡಿದ್ದರೂ ನೀವು ಸಾವಿರ ದಾಟಿದ್ದೀರಿ. ಅದರ ಮೇಲೆ ನಮ್ಮ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ, ಪತ್ರಾಸಿನ ಸೂರಿನ ಕೆಳಗೆ ಅದಕ್ಕಿಂತಲೂ ಹೆಚ್ಚು. 40 ಡಿಗ್ರಿ ಶಾಖದಲ್ಲಿ ಪೂರ್ತಿ ಚಾರ್ಜಿನೊಂದಿಗೆ ವರ್ಷವಿಡೀ ಇಟ್ಟ ಬ್ಯಾಟರಿ ಸುಮಾರು ಮೂರನೆಯ ಒಂದು ಪಾಲು ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಅದೇ ಶಾಖದಲ್ಲಿ ಅರ್ಧಕ್ಕಿಂತ ಕಡಿಮೆ ಚಾರ್ಜಿನಲ್ಲಿಟ್ಟರೆ ನಷ್ಟ ಅದರ ಅರ್ಧವೂ ಆಗುವುದಿಲ್ಲ. ಕೆಡಿಸುವುದು ಶಾಖ ಮತ್ತು ಪೂರ್ತಿ ಚಾರ್ಜು ಎರಡೂ ಕೂಡಿದಾಗ. ಆದ್ದರಿಂದ ಮಧ್ಯಾಹ್ನದ ಹೊತ್ತಿನಲ್ಲಿ, ಕಿಟಕಿಯ ಕಟ್ಟೆಯ ಮೇಲೋ ಫ್ರಿಜ್ಜಿನ ತಲೆಯ ಮೇಲೋ ಚಾರ್ಜಿಗಿಟ್ಟು ಮರೆಯುವುದನ್ನು ಬಿಡಿ. ಬೆಳಗಿನ ತಂಪಿನಲ್ಲಿ ಶೇ 80ರವರೆಗೆ ತುಂಬಿಸಿ ತೆಗೆಯಿರಿ. ಬೈಕಿನ ಹ್ಯಾಂಡಲಿಗೆ ಫೋನು ಸಿಕ್ಕಿಸಿಕೊಂಡು ದಾರಿ ನೋಡುತ್ತ, ಜೊತೆಗೆ ಚಾರ್ಜನ್ನೂ ಮಾಡುತ್ತ ಜೇವರ್ಗಿಯವರೆಗೆ ಹೋಗುವ ಹುಡುಗರ ಬ್ಯಾಟರಿಗಳನ್ನು ನಾನು ಎರಡೇ ವರ್ಷಕ್ಕೆ ಬದಲಿಸಿದ್ದೇನೆ.

ಈಗ ಒಂದು ಪರೀಕ್ಷೆ ಮಾಡಿ. ಕವರ್ ತೆಗೆದು ಫೋನನ್ನು ಬೆನ್ನು ಕೆಳಗಾಗಿ ಸಮತಟ್ಟಾದ ಫರ್ಸಿ ಕಲ್ಲಿನ ಮೇಲಿಟ್ಟು, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಕ್ಯಾಮೆರಾದ ಉಬ್ಬು ಇರುವ ಮಾದರಿಯಾದರೆ ಅದರಿಂದಾಗಿ ಸ್ವಲ್ಪ ಓಲಾಡುವುದು ಸಹಜ. ಆದರೆ ನಡುಭಾಗ ಎತ್ತಿಕೊಂಡು ಫೋನು ಬುಗುರಿಯಂತೆ ಸುತ್ತಿದರೆ, ಅಥವಾ ಪರದೆಯ ಅಂಚಿನಲ್ಲಿ ಬಿರುಕಿನಂತೆ ಸಂದು ಕಂಡರೆ ಬ್ಯಾಟರಿ ಉಬ್ಬಿದೆ ಎಂದೇ ಅರ್ಥ. ಹಾಗಿದ್ದರೆ ನಾಳೆ, ನಾಡಿದ್ದು ಎನ್ನಬೇಡಿ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗಂತೂ ಹಾಕಲೇಬೇಡಿ.

ಬ್ಯಾಟರಿ ಹಾಕಿಸುವಾಗ ಒಂದು ಎಚ್ಚರ. ಐದಾರು ವರ್ಷ ಹಳೆಯ ಮಾದರಿಗೆ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ನಕಲೇ ಹೆಚ್ಚು. ಇರುವಷ್ಟೇ ಜಾಗದಲ್ಲಿ ಹಳೆಯದಕ್ಕಿಂತ ಸಾವಿರ ಎಂಎಎಚ್ (ಬ್ಯಾಟರಿ ಹಿಡಿಯುವ ಪ್ರಮಾಣದ ಅಳತೆ) ಹೆಚ್ಚು ಎಂದು ಬರೆದಿದ್ದರೆ ನಂಬಬೇಡಿ. ಬ್ಯಾಟರಿಯ ಮೇಲೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು, ಐಎಸ್ 16046 ಎಂಬ ಮಾನಕದ ಸಂಖ್ಯೆ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅದು ಯಾರ ಹೆಸರಿನಲ್ಲಿದೆ ಎಂದು ಅಂಗಡಿಯಲ್ಲೇ ನಿಂತು ನೋಡಬಹುದು. ತಯಾರಾದ ತಿಂಗಳನ್ನೂ ಕೇಳಿ. ಬಳಸದೆ ಕಪಾಟಿನಲ್ಲಿ ಮೂರು ವರ್ಷ ಕೂತ ಬ್ಯಾಟರಿಯೂ ಮೂರು ವರ್ಷ ಮುಪ್ಪಾಗಿರುತ್ತದೆ. ಇವನ್ನು ಕೇಳಿದರೆ ಸಿಟ್ಟಾಗುವ ಅಂಗಡಿಯವನ ಬಳಿ ಹಾಕಿಸಬೇಡಿ, ಅದು ನನ್ನ ಅಂಗಡಿಯಾದರೂ ಸರಿ.

ತಂತಿ ಕೂಡದಿರುವುದಕ್ಕೆ ಮಿಲ್ಲಿನ ಧೂಳೇ ಕಾರಣವಿರಬಹುದು. ತೊಗರಿಯ ಹೊಟ್ಟಿನ ಪುಡಿ ಚಾರ್ಜಿಂಗ್ ಕಿಂಡಿಯೊಳಗೆ ಸೇರಿ, ತಂತಿಯ ಒತ್ತಡಕ್ಕೆ ಬಿಲ್ಲೆಯಂತೆ ಗಟ್ಟಿಯಾಗುತ್ತದೆ. ಫೋನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದರಿ ತೆಗೆಯಿರಿ, ಗುಂಡುಪಿನ್ನು ಬೇಡ. ಅಷ್ಟಕ್ಕೂ ಸರಿಹೋಗದಿದ್ದರೆ ಕಿಂಡಿಯಿರುವ ಚಿಕ್ಕ ಪಟ್ಟಿಯನ್ನು ಬದಲಿಸಬೇಕಾಗುತ್ತದೆ, ಅದಕ್ಕೆ ದೊಡ್ಡ ಖರ್ಚೇನಿಲ್ಲ.

ನನ್ನ ಲೆಕ್ಕ ಸರಳ: ರಿಪೇರಿಯ ಖರ್ಚು ಹೊಸ ಫೋನಿನ ಬೆಲೆಯ ಹತ್ತನೆಯ ಒಂದು ಪಾಲಿನೊಳಗೆ ಇದ್ದರೆ ಮಾಡಿಸಿ. ಪರದೆಯೂ ಬ್ಯಾಟರಿಯೂ ಒಟ್ಟಿಗೆ ಹೋಗಿದ್ದರೆ ನಾನೇ ಬೇಡ ಎನ್ನುತ್ತೇನೆ. ನಿಮ್ಮದಕ್ಕೆ ಬ್ಯಾಟರಿ ಹಾಕಿಸಿ.


ಭಾಲ್ಕಿ ಮಾಸ್ತರ

ರಿಪೇರಿ ಅಂಗಡಿಯವರು ಬ್ಯಾಟರಿಯ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಅವರ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಹೊಸ ಬ್ಯಾಟರಿಯಿಂದ ಫೋನು ಓಡುತ್ತದೆ, ಅಷ್ಟರಿಂದಲೇ ಅದು ಹಣದ ವ್ಯವಹಾರಕ್ಕೆ ಯೋಗ್ಯವಾಗುವುದಿಲ್ಲ.

ಸೆಟ್ಟಿಂಗ್ಸಿನ ಕೊನೆಯಲ್ಲಿ ಫೋನಿನ ವಿವರ ಇರುವಲ್ಲಿ 'ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್' ಎಂಬ ಸಾಲಿನ ಎದುರು ಒಂದು ದಿನಾಂಕ ಇರುತ್ತದೆ. ಅದನ್ನು ನೋಡಿ ಇಲ್ಲಿ ಬರೆಯಿರಿ. "ನನ್ನ ಆ್ಯಪುಗಳೆಲ್ಲ ದಿನವೂ ಅಪ್‌ಡೇಟ್ ಆಗುತ್ತವಲ್ಲ" ಎಂದು ನಮ್ಮ ಶಾಲೆಯಲ್ಲಿಯೂ ಸಹೋದ್ಯೋಗಿಗಳು ಹೇಳುತ್ತಾರೆ. ಅದು ಬೇರೆ, ಇದು ಬೇರೆ. ಪ್ಲೇ ಸ್ಟೋರಿನಿಂದ ಬರುವುದು ಆ್ಯಪಿನದು. ಆಂಡ್ರಾಯ್ಡ್ 10ರಿಂದ ಈಚೆಗೆ ವ್ಯವಸ್ಥೆಯ ಕೆಲವು ಭಾಗಗಳಿಗೂ ಗೂಗಲ್ ನೇರವಾಗಿ ತೇಪೆ, ಅಂದರೆ ಭದ್ರತೆಯ ಲೋಪ ಮುಚ್ಚುವ ಅಪ್‌ಡೇಟ್, ಕಳಿಸುತ್ತದೆ. ಆದರೆ ಒಳಗಿನ ಕರ್ನೆಲ್ (ವ್ಯವಸ್ಥೆಯ ತಿರುಳು), ಚಿಪ್ಪಿನ ಡ್ರೈವರುಗಳು (ಚಿಪ್ಪನ್ನು ನಡೆಸುವ ತಂತ್ರಾಂಶ) ಮುಂತಾದ ತಳಪಾಯದ ತೇಪೆಗಳು ಫೋನು ಮಾಡಿದ ಕಂಪನಿಯಿಂದಲೇ ಬರಬೇಕು, ಅಗ್ಗದ ಫೋನುಗಳಿಗೆ ಅವು ಎರಡು-ಮೂರು ವರ್ಷಕ್ಕೆ ನಿಂತುಹೋಗುತ್ತಿದ್ದವು. ಆಂಡ್ರಾಯ್ಡ್ 10 ಬಂದದ್ದು 2019ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಗೂಗಲ್ ಸ್ವತಃ ತೇಪೆ ಒದಗಿಸುವುದನ್ನು 2023ರಲ್ಲೇ ನಿಲ್ಲಿಸಿದೆ. ಅಂದಮೇಲೆ ಕಂಪನಿಯನ್ನು ದೂರಿಯೂ ಪ್ರಯೋಜನವಿಲ್ಲ.

ಫೋನು ಓಡುವುದಕ್ಕೂ ಸುರಕ್ಷಿತವಾಗಿರುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ವಾಟ್ಸಾಪ್ 2025ರ ಜನವರಿಯಿಂದ ಕೇಳಿದ್ದು ಆಂಡ್ರಾಯ್ಡ್ 5 ಮಾತ್ರ, ಅಂದರೆ ಹತ್ತು ವರ್ಷ ಹಳೆಯ ಫೋನಿನಲ್ಲಿಯೂ ಅದು ನಡೆಯುತ್ತಿತ್ತು. ಕ್ರೋಮ್ ಬ್ರೌಸರಾದರೋ 2025ರ ಆಗಸ್ಟಿನಲ್ಲಿ ಬಂದ 139ನೆಯ ಆವೃತ್ತಿಯಿಂದ ಆಂಡ್ರಾಯ್ಡ್ 8 ಮತ್ತು 9ನ್ನು ಕೈಬಿಟ್ಟು 10ನ್ನೇ ಕನಿಷ್ಠ ಮಾಡಿತು. ನಿಮ್ಮ ಫೋನು ಆ ಗೆರೆಯ ಈಚೆಗೆ ಒಂದು ಹೆಜ್ಜೆ ಮಾತ್ರ ಉಳಿದಿದೆ. ವಾಟ್ಸಾಪ್ ನಡೆಯುತ್ತಿದೆ ಎಂಬುದನ್ನು ಫೋನಿನ ಆರೋಗ್ಯದ ಗುರುತೆಂದು ಹಿಡಿಯಬೇಡಿ.

ಹೊಸದು ಕೊಳ್ಳುವುದಾದರೆ ಬೆಲೆಯನ್ನು ಮಾತ್ರ ನೋಡದೆ, ಆ ಬೆಲೆಯನ್ನು ಮುಂದೆ ಉಳಿದಿರುವ ಭದ್ರತಾ ಅಪ್‌ಡೇಟಿನ ವರ್ಷಗಳಿಂದ ಭಾಗಿಸಿ ನೋಡಿ. ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿ ಇದೆ: ಆ ವರ್ಷಗಳ ಎಣಿಕೆ ಶುರುವಾಗುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಪೆಟ್ಟಿಗೆ ಬಿಚ್ಚಿದ ದಿನದಿಂದ ಅಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ 2024ರ ಅಕ್ಟೋಬರಿನಲ್ಲಿ ಆರು ವರ್ಷದ ಮಾತಿನೊಂದಿಗೆ ಬಂತು, ಅಂದರೆ ಯಾವಾಗ ಕೊಂಡರೂ ಕೊನೆ 2030. ಅದು ನಿಮ್ಮ ಹನ್ನೆರಡು ಸಾವಿರದ ಮೇಲಿನದು, ಸರಿ; ಹತ್ತು ಸಾವಿರದ ಆಸುಪಾಸಿನಲ್ಲಿ 2025ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಅದೇ ಕಂಪನಿಯ ಎಂ06 5ಜಿಗೆ ನಾಲ್ಕು ವರ್ಷ ಹೇಳಿದ್ದರು, ಅದರ ಕೊನೆ 2029. ಇವನ್ನೇ ಕೊಳ್ಳಿ ಎಂದಲ್ಲ, ಲೆಕ್ಕ ಹೀಗೆ ಹಾಕಿ ಎಂದು. ಎರಡು ವರ್ಷ ಹಳೆಯ ಮಾದರಿಯೊಂದು ಹಬ್ಬದ ರಿಯಾಯಿತಿಯಲ್ಲಿ ಒಂಬತ್ತು ಸಾವಿರಕ್ಕೆ ಸಿಕ್ಕಿ, ಅದಕ್ಕೆ ಒಂದೇ ವರ್ಷದ ತೇಪೆ ಉಳಿದಿದ್ದರೆ ವರ್ಷಕ್ಕೆ ಬಿದ್ದದ್ದು ಒಂಬತ್ತು ಸಾವಿರ. ಹನ್ನೆರಡು ಸಾವಿರದ ಫೋನಿಗೆ ನಾಲ್ಕು ವರ್ಷ ಉಳಿದಿದ್ದರೆ ವರ್ಷಕ್ಕೆ ಮೂರು ಸಾವಿರ. ಲೆಕ್ಕ ಬರೆಯುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ನಿಧಾನದ ವಿಷಯಕ್ಕೆ ಬಂದರೆ, ನಿಮ್ಮ ಫೋನಿನಂಥ ಅಗ್ಗದವುಗಳಲ್ಲಿ ಸಂಗ್ರಹಕ್ಕೆ ಹಾಕುತ್ತಿದ್ದುದು ಇಎಂಎಂಸಿ ಎಂಬ ನಿಧಾನದ ಚಿಪ್ಪು. ಹೊಸದನ್ನು ಬರೆಯುವ ಮೊದಲು ಅದು ಖಾಲಿ ಜಾಗವನ್ನು ಹೊಂದಿಸಿಕೊಳ್ಳಬೇಕು. ಖಾಲಿಯೇ ಇಲ್ಲದಿದ್ದರೆ ಪ್ರತಿಸಲವೂ ಹಳೆಯದನ್ನು ಅತ್ತಿತ್ತ ಸರಿಸುತ್ತ ಕೂರುತ್ತದೆ, ನೀವು ಒತ್ತಿದ ಅಕ್ಷರ ಅಲ್ಲಿಯವರೆಗೆ ಕಾಯುತ್ತದೆ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಸಂಗ್ರಹ ನಿರ್ವಹಣೆ ತೆರೆದು, ದೊಡ್ಡ ಕಡತಗಳಿಂದ ಶುರುಮಾಡಿ ಆರೇಳು ಜಿಬಿ ಅಳಿಸಿ ನೋಡಿ, ಬ್ಯಾಟರಿ ಬದಲಿಸುವ ಮೊದಲೇ ವ್ಯತ್ಯಾಸ ಕಾಣುತ್ತದೆ. ಹೊಸದರಲ್ಲಿ ಅದಕ್ಕಿಂತ ವೇಗದ ಯುಎಫ್‌ಎಸ್ ಸಂಗ್ರಹ ಇದೆಯೇ ಎಂದು ಕೇಳಿ. "4+4 ಜಿಬಿ" ಎಂದು ದೊಡ್ಡದಾಗಿ ಬರೆದಿರುವುದರಲ್ಲಿ ಎರಡನೆಯ 4 ರ್‍ಯಾಮ್ ಅಲ್ಲ, ಸಂಗ್ರಹದಿಂದಲೇ ಕಡ ತಂದ ಜಾಗ. ಅದಕ್ಕೆ ಹಣ ಕೊಡಬೇಡಿ.

2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತ ಏರಿತು, ಅದರ ಪೆಟ್ಟು ಲಾಭದ ಅಂಚು ತೆಳುವಾಗಿರುವ ಅಗ್ಗದ ಫೋನುಗಳಿಗೇ ಹೆಚ್ಚು. ಕಾದರೆ ಅಗ್ಗವಾಗುತ್ತದೆ ಎಂಬ ಹಳೆಯ ನಂಬಿಕೆಯ ಮೇಲೆ ಈ ಸಲ ಕೂರಬೇಡಿ ಎಂಬುದು ನನ್ನ ಅಭಿಪ್ರಾಯ.


ರಿಪೇರಿ ಅಂಗಡಿ, ಸೂಪರ್ ಮಾರ್ಕೆಟ್

ಮಾಸ್ತರರ ಮಾತನ್ನು ಒಪ್ಪುತ್ತೇನೆ, ಪೂರ್ತಿ ಅಲ್ಲ. ನನ್ನ ಅಂಗಡಿಗೆ ಹಣ ಕಳೆದುಕೊಂಡು ಬಂದವರಲ್ಲಿ ತೇಪೆಯಿಲ್ಲದ ಫೋನಿನಿಂದಾಗಿ ಕಳೆದುಕೊಂಡೆ ಎಂದವರು ಯಾರೂ ಇಲ್ಲ. ಮದುವೆಯ ಆಮಂತ್ರಣ, ವಾಹನದ ದಂಡದ ಚೀಟಿ, ರೈತರ ಯೋಜನೆಯ ಪಟ್ಟಿ ಎಂದು ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತವನ್ನು (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಕಡತ) ತಾವೇ ಒತ್ತಿ, ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟವರು ಅವರು. ಅವರಲ್ಲಿ ಇಬ್ಬರದ್ದು ಆರು ತಿಂಗಳ ಹೊಸ ಫೋನು. ಹಾಗೆ ಆದರೆ ಅಂಗಡಿಗೆ ಬರುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹೊಸ ಫೋನು ಕೊಂಡವರಿಗೆ ಈ ಮಾತು ಅನ್ವಯಿಸುವುದಿಲ್ಲ ಎಂದು ಯಾರೂ ನೆಮ್ಮದಿಯಿಂದ ಇರಬಾರದು, ಅದಕ್ಕೇ ಬರೆದೆ.


ಶಹಾಪುರದವ

ಇಲ್ಲಿ ಯಾರೂ ನೆಟ್‌ವರ್ಕಿನ ಮಾತೆತ್ತಿಲ್ಲ. ಹಳೆಯ ಫೋನು ನಿಮ್ಮ ತಂದೆಯವರ ಕೈಗೆ, ಹಳ್ಳಿಗೆ ಹೋಗುವುದಾದರೆ ಅದನ್ನೂ ನೋಡಬೇಕು. ಬಿಎಸ್‌ಎನ್‌ಎಲ್ ಸ್ವದೇಶಿ ತಂತ್ರಜ್ಞಾನದ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಉದ್ಘಾಟಿಸಿತು, ಅದು ಬಳಸುವ ಅಲೆಗಳಲ್ಲಿ 700 ಮೆಗಾಹರ್ಟ್ಸಿನ 28ನೆಯ ಬ್ಯಾಂಡ್ (ಅಲೆಗಳ ಗುಂಪು) ಒಂದು. ಕಡಿಮೆ ಆವರ್ತನದ ಅಲೆಯಾದ್ದರಿಂದ ಅದು ದೂರದವರೆಗೆ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಆದರೆ 2020ರ ಸುಮಾರಿನ ಅಗ್ಗದ ಫೋನುಗಳು ಹೆಚ್ಚಾಗಿ 1, 3, 5, 8, 40, 41ನೆಯ ಬ್ಯಾಂಡುಗಳಿಗಷ್ಟೇ ತಯಾರಾದವು. ನಮ್ಮ ಮನೆಯಲ್ಲಿಯೇ ಹಾಗಾಗಿದೆ: ಒಂದೇ ಕಟ್ಟೆಯ ಮೇಲೆ ಕೂತು, ಒಂದೇ ಕಂಪನಿಯ ಸಿಮ್ ಹಾಕಿದರೂ ತಮ್ಮನ ಹೊಸ ಫೋನಿಗೆ 4ಜಿ, ನನ್ನ ಹಳೆಯದಕ್ಕೆ 2ಜಿ. ಸಿಗ್ನಲ್ ದುರ್ಬಲವಿದ್ದಲ್ಲಿ ಫೋನು ಟವರಿಗೆ ಮುಟ್ಟಲು ಹೆಚ್ಚು ಶಕ್ತಿ ಸುರಿಯುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ, ಹೊಸ ಬ್ಯಾಟರಿ ಹಾಕಿಸಿಯೂ ಅಪ್ಪ "ಇದು ನಿಲ್ಲವಲ್ದು" ಎಂದಾರು. ಫೋನಿನ ಮಾದರಿಯ ಹೆಸರು ಹಾಕಿ ಬ್ಯಾಂಡುಗಳ ಪಟ್ಟಿ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹನ್ನೆರಡು ಸಾವಿರದ ಮಿತಿ ಇದ್ದವರಿಗೆ ಆ ಯೋಚನೆ ಬಂದೇ ಬರುತ್ತದೆ. ನನಗೂ ಬಂದಿತ್ತು. ಎರಡು ವರ್ಷದ ಹಿಂದೆ ಒಬ್ಬರಿಂದ ಏಳು ಸಾವಿರಕ್ಕೆ ತಂದೆ. ಎಲ್ಲ ಅಳಿಸಿ ಹೊಸದರಂತೆ ಮಾಡಿಕೊಟ್ಟಿದ್ದೇನೆ ಎಂದರು. ಮನೆಗೆ ಬಂದು ಆನ್ ಮಾಡಿದರೆ ಈ ಹಿಂದೆ ಇದರಲ್ಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಹಾಕು ಎಂದು ಕೇಳಿ ಅಲ್ಲೇ ನಿಂತಿತು. ಮಾರಿದವರೂ ಅದನ್ನು ಬೇರೆ ಯಾರಿಂದಲೋ ಕೊಂಡವರು. ಖಾತೆಯನ್ನು ಮೊದಲು ತೆಗೆಯದೆ ಗುಂಡಿಗಳಿಂದ ಅಳಿಸಿದರೆ ಈ ಬೀಗ ಬೀಳುತ್ತದೆ. ಆ ಏಳು ಸಾವಿರ ಇನ್ನೂ ನಮ್ಮ ಅಲಮಾರಿಯಲ್ಲಿದೆ. ಆದ್ದರಿಂದ ಹಣ ಎಣಿಸುವ ಮೊದಲು ನಿಮ್ಮ ಖಾತೆಯಿಂದ ಫೋನು ಪೂರ್ತಿ ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡಿ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಬೇರೆಯಾದ ಗುರುತಿನ ಸಂಖ್ಯೆ) ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಹಾಕಿ, ಅದು ಕಳವಿನದೆಂದು ನಿರ್ಬಂಧಿಸಲ್ಪಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳಿ.


ದಾಲ್ ಮಿಲ್ ಲೆಕ್ಕಿಗ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಭಾನುವಾರ ಕೂತು ನೀವು ಹೇಳಿದ್ದನ್ನೆಲ್ಲ ನೋಡಿದೆ.

ಭದ್ರತಾ ಅಪ್‌ಡೇಟಿನ ದಿನಾಂಕ 2022ರ ಜನವರಿ. ನಾಲ್ಕು ವರ್ಷ ದಾಟಿದೆ ಎಂದು ತಿಳಿದು ನನಗೇ ಆಶ್ಚರ್ಯವಾಯಿತು. ಲೆಕ್ಕದ ಪುಸ್ತಕದಲ್ಲಿ ನಾಲ್ಕು ದಿನ ಬಾಕಿ ಉಳಿದರೆ ನಿದ್ದೆ ಮಾಡದವನು ನಾನು. ಬ್ಯಾಂಡುಗಳ ಪಟ್ಟಿಯಲ್ಲಿ 28 ಇಲ್ಲ, ಆದರೆ ನಮ್ಮೂರಿನಲ್ಲಿ ಅಪ್ಪನ ಸಿಮ್ ಬೇರೆ ಕಂಪನಿಯದು, ಅದಕ್ಕೆ ಈ ಫೋನು ಸಾಕು. ವಾಟ್ಸಾಪಿನಿಂದ 8 ಜಿಬಿ ಅಳಿಸಿದೆ, ಅಕ್ಷರಗಳು ಈಗ ಒತ್ತಿದ ಕೂಡಲೇ ಮೂಡುತ್ತಿವೆ. ಕಿಂಡಿಯಿಂದ ಹಲ್ಲುಕಡ್ಡಿಯ ತುದಿಗೆ ಬಂದದ್ದು ನಿಜಕ್ಕೂ ತೊಗರಿಯ ಹೊಟ್ಟೇ, ಹಳದಿ ಬಿಲ್ಲೆಯಂತಿತ್ತು.

ಆದರೆ ಫರ್ಸಿಯ ಮೇಲಿಟ್ಟು ತಳ್ಳಿದಾಗ ಫೋನು ಒಂದೂವರೆ ಸುತ್ತು ತಿರುಗಿ ನಿಂತಿತು. ಕವರ್ ಹಾಕಿಕೊಂಡೇ ಬಳಸುತ್ತಿದ್ದರಿಂದ ಉಬ್ಬಿದ್ದು ಗೊತ್ತೇ ಆಗಿರಲಿಲ್ಲ. ಸೋಮವಾರವೇ ನೋಂದಣಿ ಸಂಖ್ಯೆ ನೋಡಿ, 850 ಕೊಟ್ಟು ಬ್ಯಾಟರಿ ಹಾಕಿಸಿದೆ. ಇದು ನನಗಾಗಿ ಅಲ್ಲ, ಅಪ್ಪನಿಗಾಗಿ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದೇನೆ: ಬೆಳೆ ಸಮೀಕ್ಷೆಗೆ ಹೊಲದಲ್ಲಿ ನಿಂತು ಫೋಟೊ ತೆಗೆಯುವುದು, ಭೂದಾಖಲೆಯ ದಿಶಾಂಕ ಆ್ಯಪಿನಲ್ಲಿ ಸರ್ವೆ ನಂಬರು ನೋಡುವುದು, ಮಾತು, ಹಾಡು, ಇಷ್ಟಕ್ಕೆ. ಬ್ಯಾಂಕಿನ ಆ್ಯಪುಗಳನ್ನು ಅದರಲ್ಲಿ ಇಡುವುದಿಲ್ಲ.

ನನಗೆ ಹೊಸದನ್ನು ಮೇ ತಿಂಗಳಲ್ಲೇ ಕೊಳ್ಳುತ್ತೇನೆ. ಬೀಜ-ಗೊಬ್ಬರದ ಹಣ ಮುಟ್ಟದೆ, ಅಪ್ಪ ಹೇಳಿದ ಹನ್ನೆರಡರಲ್ಲಿ ಏಳು ಸಾವಿರ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಸಂಬಳದಿಂದ ಹಾಕುತ್ತೇನೆ. ಅಲ್ಲಿಯವರೆಗೆ ಸಂಬಳದ ಖಾತೆಯನ್ನು ಯುಪಿಐನಿಂದ ಬಿಡಿಸಿ, ಎರಡು ಸಾವಿರಕ್ಕಿಂತ ಹೆಚ್ಚು ಇಡದ ಇನ್ನೊಂದು ಖಾತೆಯನ್ನು ಜೋಡಿಸಿದ್ದೇನೆ. ಹೋಟೆಲಿನವರ ಬಾಕಿ ಅದರಿಂದಲೇ ಕೊಟ್ಟೆ, ಶೇ 31 ಇದ್ದಾಗ.

ಒಂದು ಪ್ರಶ್ನೆ ಉಳಿದಿದೆ. ಉಬ್ಬಿದ ಹಳೆಯ ಬ್ಯಾಟರಿಯನ್ನು ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ಅದನ್ನೇನು ಮಾಡಲಿ? ಕಸದ ಗಾಡಿಗೆ ಹಾಕಲು ಮನಸ್ಸು ಬರುತ್ತಿಲ್ಲ.


ರಿಪೇರಿ ಅಂಗಡಿ, ಸೂಪರ್ ಮಾರ್ಕೆಟ್

ಕಸದ ಗಾಡಿಗೆ ಖಂಡಿತ ಬೇಡ. ಒಳಗೆ ಒತ್ತುವಾಗ ಹೊತ್ತಿಕೊಳ್ಳುತ್ತದೆ. ಅದರ ಲೋಹದ ಪಟ್ಟಿಗಳಿಗೆ ಟೇಪು ಸುತ್ತಿ, ತಗಡಿನ ಡಬ್ಬಿಯಲ್ಲಿ ಒಣ ಮರಳಿನೊಳಗೆ ಹೂತು, ಬಿಸಿಲು ಬೀಳದ ಕಡೆ, ಮನೆಯ ಹೊರಗಿಡಿ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದರೆ ಈಗಲೇ ತೆಗೆಯಿರಿ. ನಾನು ಇಂಥವನ್ನು ಕೂಡಿಹಾಕಿ ನೋಂದಾಯಿತ ಇ-ತ್ಯಾಜ್ಯದವರಿಗೆ ಕೊಡುತ್ತೇನೆ, ಗಂಜ್ ಕಡೆಯಿಂದ ಬರುವಾಗ ತಂದುಕೊಡಿ. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ನಾಲ್ಕರ ಮೇಲೆ ಬನ್ನಿ.